ಶಿವನಂಜಮ್ಮನ ಒಪ್ಪಿಗೆ

ನಮ್ಮೂರಿನಲ್ಲಿ ಶಿವನಂಜಮ್ಮ ಅಂದರೆ ರಾಮಯ್ಯನವರ ಹೆಂಡತಿ, ಕಿರಣನ ತಾಯಿ. ಅದಕ್ಕಿಂತ ಹೆಚ್ಚು ಯಾರೂ ಹೇಳುವುದಿಲ್ಲ. ಹುಲ್ಲಹಳ್ಳಿ ಕಡೆಯಿಂದ ನಾಲೆ ಏರಿಯ ಮೇಲೆ ಬಂದರೆ ಸಿಗುವ ಮೊದಲ ದೊಡ್ಡ ಮನೆ ಅವರದು. ನಾನು ರಂಜಿನಿ, ಊರಿನ ಡೈರಿಯಲ್ಲಿ ಹಾಲು ಅಳೆಯುವವಳು. ಬೆಳಿಗ್ಗೆ ಸಂಜೆ ಅವರು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಯಾರಾದರೂ ಮಧ್ಯೆ ನುಗ್ಗಿದರೆ ಮಾತಿಲ್ಲದೆ ಹಿಂದೆ ಸರಿಯುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅವರ ಪರವಾಗಿ ಜಗಳ ಆಡಿದವಳೂ ನಾನೇ, ಬೈಸಿಕೊಂಡವಳೂ ನಾನೇ. ಇದನ್ನು ಬರೆಯುವ ಮೊದಲು ಅವರನ್ನು ಕೇಳಿದೆ. "ಬರಿ. ಆದ್ರೆ ಯಾರ ಮ್ಯಾಲೂ ಇಲ್ಲದ್ದ ಕಟ್ಟಿ ಬರೀಬ್ಯಾಡ," ಅಂದರು.

ಅವರನ್ನು ಕೊಟ್ಟದ್ದು ಸೋದರಮಾವನಿಗೇ. ನಮ್ಮ ಕಡೆ ಅದೇನೂ ಹೊಸದಲ್ಲ. ತಾಯಿಯ ತಮ್ಮ ಗಂಡನಾದ, ತಾಯಿಯ ತಾಯಿ ಅತ್ತೆಯಾದಳು. ಗಂಡನನ್ನು ಈಗಲೂ "ಮಾವ" ಎಂದೇ ಕರೆಯುತ್ತಾರೆ; ಚಿಕ್ಕಂದಿನ ಏಕವಚನವೂ ಹಾಗೇ ಉಳಿದಿದೆ. ಮೊದಲು ವಾಣಿ ಹುಟ್ಟಿದಳು, ಆಮೇಲೆ ಕಿರಣ್, ಎಷ್ಟೋ ವರ್ಷದ ಮೇಲೆ ಹೇಮಂತ್.

ಕಿರಣ್ ಕಾಲೇಜಿಗೆ ಸೇರಿದ ವರ್ಷ ಬಸ್ಸಿನ ಮೆಟ್ಟಿಲು ಹತ್ತಲಾರದೆ ಬೀಳತೊಡಗಿದ. ಆಮೇಲೆ ಕೂತಲ್ಲಿಂದ ಏಳುವುದು ಕಷ್ಟವಾಯಿತು, ಆಮೇಲೆ ತೋಳುಗಳೂ ಸೋತವು. ಈಗ ನಲವತ್ತರ ಹತ್ತಿರ ಬಂದ ಗಂಡಸು; ಮುದ್ದೆಯನ್ನು ತಾಯಿಯೇ ಮುರಿದು ಬಾಯಿಗಿಡಬೇಕು. "ನಿನ್ನ ಹೊಟ್ಟೇಲಿ ಬಂದ ದೋಷ" ಎಂದು ಅತ್ತೆ ಸಾಯುವ ತನಕ ಹೇಳಿದಳು. ಆ ಅತ್ತೆ ಇವರ ಅಜ್ಜಿಯೂ ಹೌದಲ್ಲ. ಇವರ ಹೊಟ್ಟೆಯ ದೋಷ ತನ್ನ ಹೊಟ್ಟೆಯಿಂದಲೇ ಬಂದಿರಬಹುದು ಎಂದು ಆ ಮುದುಕಿಗೆ ಒಮ್ಮೆಯೂ ಹೊಳೆಯಲಿಲ್ಲ. ರಾಮಯ್ಯ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದರು. ಅವರ ಆ ಸುಮ್ಮನಿರುವಿಕೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ವಾಣಿಯನ್ನು ಟಿ. ನರಸೀಪುರಕ್ಕೆ ಕೊಟ್ಟಿದೆ. ಅವಳ ಮಗಳು ಲಿಖಿತಾ ಅಲ್ಲೇ ಬಿ.ಕಾಂ. ಓದುತ್ತಿದ್ದಳು. ಓದು ಮುಗಿಯುತ್ತಲೇ ಅವಳನ್ನು ಹೇಮಂತನಿಗೆ ತಂದುಕೊಳ್ಳುವುದು ಎಂದು ರಾಮಯ್ಯನೂ ವಾಣಿಯೂ ಮಾತಾಡಿಕೊಂಡಿದ್ದರು. ಮತ್ತೆ ಸೋದರಮಾವನೇ ಗಂಡ, ಅಜ್ಜಿಯೇ ಅತ್ತೆ. ಈ ಸಲ ಆ ಅಜ್ಜಿ ಶಿವನಂಜಮ್ಮ.

ಹೀಗಿರುವಾಗ ಊರಿಗೆ ಡಾಕ್ಟರ್ ಮೇಘನಾ ಬಂದರು. ಮೈಯ ಬಲ ಕುಂದಿಸುವ, ವಂಶದಲ್ಲಿ ಹರಿದು ಬರುವ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುವ ತಂಡದವರು. ಕಿರಣನ ರಕ್ತ ಬೇಕು, ತಂದೆತಾಯಿಯ ರಕ್ತವೂ ಬೇಕು ಅಂದರು. ರಾಮಯ್ಯ ಪಡಸಾಲೆಯಲ್ಲಿ ಕೂತು ಪೆನ್ನಿಗೆ ಕೈ ಚಾಚಿದರು.

"ಸೈನಾ? ಕೊಡಿ, ಎಲ್ಲಾರ್ದೂ ನಾನೇ ಆಕ್ಬುಡ್ತೀನಿ. ಈ ಮನೇಲಿ ನಾನ್ ಯೋಳಿದ್ಮೇಲೆ ಮುಗೀತು."

"ಹಾಗಾಗಲ್ಲ ಯಜಮಾನ್ರೇ," ಅಂದರು ಡಾಕ್ಟರು. "ನಿಮ್ಮದು ನೀವು ಹೇಳಿ. ಉಳಿದವರನ್ನ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳ್ತೀನಿ."

ಇನ್ನೊಂದು ತೊಡಕಿತ್ತು. ಓದು ಬಾರದವರು ಒಪ್ಪಿಗೆ ಕೊಡುವಾಗ ಓದು ಬಲ್ಲ ಸಾಕ್ಷಿ ಇರಬೇಕು. ಆ ಸಾಕ್ಷಿ ನೆಂಟರಾಗಿರಬಾರದು. ಶಿವನಂಜಮ್ಮ ಶಾಲೆಯ ಮುಖ ನೋಡಿದವರಲ್ಲ. ಆ ಬೀದಿಯಲ್ಲಿ ಹುಡುಕಿದರೆ ಎಲ್ಲರೂ ಎಲ್ಲರಿಗೂ ನೆಂಟರು. ಕೊನೆಗೆ ಬೇರೆ ಜಾತಿಯವರಾದ ನಮ್ಮ ಬೀದಿಗೆ ಬಂದು ನನ್ನನ್ನು ಕರೆದರು. ಅಷ್ಟು ವರ್ಷ ಆ ಮನೆಯ ಹಾಲು ಅಳೆದಿದ್ದೇನೆ; ಪಡಸಾಲೆ ದಾಟಿ ಒಳಕೋಣೆಗೆ ಹೋದದ್ದು ಅದೇ ಮೊದಲು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ನನಗೆ ಒಳಗೊಳಗೇ ನಗು ಬಂತು.

ಕಿರಣ್ ಕೂಡಲೇ ಒಪ್ಪಿದ. "ತಗೊಳಿ ಮೇಡಂ. ನಾನು ಯಾರ್ಗಾರ ಕೊಡೋಕಾಗೋದು ಇನ್ನಿದೊಂದೇ," ಅಂದ. ನನ್ನ ನಗು ಅಲ್ಲಿಗೆ ನಿಂತಿತು.

ಆಮೇಲೆ ಶಿವನಂಜಮ್ಮನ ಸರದಿ. ಬಾಗಿಲು ಹಾಕಿಕೊಂಡು ಮೂವರೇ ಕೂತೆವು. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ರಕ್ತದಲ್ಲಿ ವಂಶದ ಗುರುತುಗಳಿರುತ್ತವೆ, ಅದನ್ನು ಓದಿ ನೋಡುತ್ತೇವೆ. ನೀವು ಒಪ್ಪಿದರೆ ಹೆಸರು ತೆಗೆದು ಆ ಮಾಹಿತಿಯನ್ನು ಬೇರೆ ದೇಶದ ವಿಜ್ಞಾನಿಗಳಿಗೂ ಕೊಡುತ್ತೇವೆ. ಒಪ್ಪದಿದ್ದರೂ ಕಿರಣನಿಗೆ ಸಿಗುವ ಸಲಹೆ ಕಮ್ಮಿಯಾಗುವುದಿಲ್ಲ, ಯಾಕೆಂದು ಯಾರೂ ಕೇಳುವುದಿಲ್ಲ.

"ನಮ್ಮನೆಯವ್ರು ಊಂ ಅಂದವ್ರಲ್ಲ?"

"ಅದು ಅವರ ಮಾತಾಯ್ತು. ನಿಮ್ಮದು ನೀವೇ ಹೇಳಬೇಕು ಅಮ್ಮಾ. ಬೇಕಾ, ಬೇಡವಾ?"

ಶಿವನಂಜಮ್ಮ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡರು. ಆಮೇಲೆ, "ಬ್ಯಾಡ," ಅಂದರು.

ಡಾಕ್ಟರು "ಸರಿ ಅಮ್ಮಾ" ಎಂದು ಎದ್ದೇಬಿಟ್ಟರು. ನನಗೆ ರೇಗಿಹೋಯಿತು. ಮಗ ಪಕ್ಕದ ಕೋಣೆಯಲ್ಲಿ ಹಾಗೆ ಬಿದ್ದಿದ್ದಾನೆ, ಇವರಿಗೆ ಒಂದು ತೊಟ್ಟು ರಕ್ತಕ್ಕೆ ಮನಸ್ಸಿಲ್ಲವೇ? ಆದರೆ ಸಾಕ್ಷಿ ಬಾಯಿ ಹಾಕುವಂತಿಲ್ಲ.

ಹೆಂಡತಿಯ ತೋಳಿನಲ್ಲಿ ಹತ್ತಿ ಕಾಣದ್ದನ್ನು ನೋಡಿ ರಾಮಯ್ಯ ಮೇಲೆದ್ದರು. "ನಾನ್ ಯೋಳ್ತಾವ್ನಿ, ತಗೀರಿ!"

"ಆಗಲ್ಲ. ಅವರು ಬೇಡ ಅಂದಿದ್ದಾರೆ."

ರಾಮಯ್ಯ ಹೆಂಡತಿಯ ಕಡೆ ತಿರುಗಿ ಕೂಗಾಡಿದರು, ಡಾಕ್ಟರ ಕಡೆ ತಿರುಗಿ ಬೇಡಿಕೊಂಡರು. ಯಾವುದೂ ನಡೆಯಲಿಲ್ಲ. ತಂಡದವರು ಪೆಟ್ಟಿಗೆ ಮುಚ್ಚಿ ಜೀಪು ಹತ್ತಿದರು.

ಮಾರನೆಯ ದಿನ ಡೈರಿಯಲ್ಲಿ ಎಲ್ಲರೂ ಹೋಗುವ ತನಕ ಅವರು ನಿಂತೇ ಇದ್ದರು. ನಾನು ಮುಖ ಗಂಟಿಕ್ಕಿಕೊಂಡೇ ಕೇಳಿದೆ: "ಯಾಕಮ್ಮಾ ಬ್ಯಾಡ ಅಂದ್ರಿ?"

"ತಪ್ಪು ತಿಳ್ಕೋಬ್ಯಾಡ ಕಣವ್ವ. ಇವತ್ತಿನ್ಗಂಟ ನನ್ನ ಯಾರೂ ಯಾವ್ದುಕ್ಕೂ ಬೇಕಾ ಬ್ಯಾಡ್ವಾ ಅಂತ ಕೇಳ್ದೋರಿಲ್ಲ. ಆಯಮ್ಮ ಕೇಳುದ್ಲು. ಬ್ಯಾಡ ಅಂದ್ರೆ ಏನಾಯ್ತದೆ ಅಂತ ಅಂದು ನೋಡ್ದೆ."

"ಏನಾಯ್ತು?"

"ಬಿಟ್ಬುಟ್ರು." ಅವರು ಖಾಲಿ ಕ್ಯಾನಿನ ಮುಚ್ಚಳ ಹಾಕಿದರು. "ಭಯಾನೂ ಇತ್ತು ರಂಜಿನಿ. ಎಲ್ಲಾ ನನ್ನಿಂದ್ಲೇ ಬಂದದ್ದು ಅಂತ ಅದ್ರಲ್ಲಿ ಬಂದ್ಬುಟ್ರೆ ನಾನು ಮಗನ ಮಖ ಎಂಗ್ ನೋಡ್ಲಿ?"

ನನಗೆ ನಾಚಿಕೆಯಾಯಿತು. ಅವತ್ತು ಹಾಲನ್ನು ತಪ್ಪು ಕ್ಯಾನಿಗೆ ಸುರಿದೆ.

ಕೆಲವು ವಾರ ಕಳೆದ ಮೇಲೆ ಅವರೇ ಬಂದು, "ನಂಜನಗೂಡಿಗೆ ಓಗವಾ ಬಾ," ಅಂದರು. ಡಾಕ್ಟರ ತಂಡ ಅಲ್ಲಿ ಶಿಬಿರ ಹಾಕಿತ್ತು. ಗಂಡನಿಗೆ ಹೇಳಿದ್ದಾರೋ ಇಲ್ಲವೋ ನಾನು ಕೇಳಲಿಲ್ಲ. ಡಾಕ್ಟರು ಮತ್ತೆ ಮೊದಲಿಂದ ಎಲ್ಲವನ್ನೂ ಹೇಳಿ, ಮತ್ತೆ ಕೇಳಿದರು. ರಕ್ತಕ್ಕೆ ಊಂ ಅಂದ ಶಿವನಂಜಮ್ಮ ಬೇರೆ ದೇಶದ ಮಾತು ಬಂದಾಗ ತಡೆದರು.

"ಅಲ್ಲೂ ಇಂಥಾ ಮಕ್ಕಳವ್ರಾ?"

"ಇದ್ದಾರಮ್ಮಾ."

"ಅವ್ರ ತಾಯ್ದೀರು?"

"ಅವರೂ ಇದ್ದಾರೆ."

"ಅಂಗಾರೆ ಕೊಡಿ," ಎಂದು ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ನಾನು ರುಜು ಹಾಕಿದೆ.

ಫಲ ಬರಲು ತಿಂಗಳುಗಳೇ ಹಿಡಿದವು. ಡಾಕ್ಟರು ಕರೆಸಿ ಹೇಳಿದರು: ಈ ಕಾಯಿಲೆ ಒಬ್ಬರಿಂದ ಬರುವುದಲ್ಲ. ತಂದೆಯಿಂದೊಂದು, ತಾಯಿಯಿಂದೊಂದು ಕೆಟ್ಟ ಎಳೆ ಸೇರಿದರೆ ಮಾತ್ರ ಮಗುವಿಗೆ ಬರುತ್ತದೆ. ಒಂದೇ ಎಳೆ ಇದ್ದವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಅವರಿಗೆ ಗೊತ್ತೂ ಆಗುವುದಿಲ್ಲ. ಒಂದೇ ವಂಶದೊಳಗೆ ಕೊಟ್ಟು ತಂದರೆ ಎರಡೂ ಸೇರುವುದು ಹೆಚ್ಚು. ನಿಮ್ಮಲ್ಲಿ ಒಂದಿದೆ.

"ಅಂದ್ರೆ ನನ್ನೊಬ್ಬಳ್ದೇ ಅಲ್ಲ."

"ಅಲ್ಲಮ್ಮಾ. ಯಾವತ್ತೂ ಅಲ್ಲ."

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಎರಡು ಬಸ್ಸು ಹೋದವು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಕಣ್ಣೊರೆಸಿಕೊಂಡ ಮೇಲೆ ಅವರು ಹೇಳಿದ ಮೊದಲ ಹೆಸರು ಲಿಖಿತಾಳದು. "ಅವಳ್ನ ಯಾರೂ ಕೇಳಿಲ್ವಲ್ಲ," ಅಂದರು.

ಮನೆಯಲ್ಲಿ ಮೊದಲು ಕಿರಣನಿಗೆ ಹೇಳಿದರು, ಆಮೇಲೆ ಗಂಡನಿಗೆ. ರಾಮಯ್ಯ ತಲೆ ತಗ್ಗಿಸಿ ಗದ್ದೆಯ ಕಡೆ ನಡೆದರಂತೆ. ಅವರ ರಕ್ತದಲ್ಲೂ ಅದೇ ಎಳೆ ಇದೆಯೆಂದು ಡಾಕ್ಟರು ಅವರಿಗೆ ಮೊದಲೇ ಹೇಳಿದ್ದರು. ಅವರು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಆದರೂ ಮದುವೆ ಮಾತನ್ನು ಮಾತ್ರ ಬಿಡಲಿಲ್ಲ. ಯಾವುದೋ ಎಳೆಗಿಳೆ ಅಂತ ಮೊಮ್ಮಗಳನ್ನು ಬೇರೆಯವರ ಮನೆಗೆ ಕಳಿಸುವುದೇ ಅಂದರು. ವೀಳ್ಯಶಾಸ್ತ್ರದ ದಿನ ಗೊತ್ತುಮಾಡಲು ವಾಣಿ ಮಗಳ ಜೊತೆ ಬಂದಳು.

ಆವತ್ತು ಶಿವನಂಜಮ್ಮ ನನಗೆ ಹೇಳಿಕಳಿಸಿದರು. ಪಡಸಾಲೆಯಲ್ಲಿ ಎಲ್ಲರ ಎದುರಿಗೇ, "ಸಾಕ್ಷಿ ಬೇಕು, ಒಳಿಕ್ಕೆ ಬಾ," ಅಂದರು. ಲಿಖಿತಾಳನ್ನು ಕೋಣೆಗೆ ಕರೆದು ಅಗುಳಿ ಹಾಕಿದರು. ಕಾಯಿಲೆಯ ವಿಷಯವನ್ನು ತಮಗೆ ತಿಳಿದಷ್ಟು ಹೇಳಿದರು. ನಿನಗೂ ಪರೀಕ್ಷೆ ಬೇಕಿದ್ದರೆ ಮಾಡಿಸಬಹುದು, ಬೇಡವಾದರೆ ಬೇಡ ಅಂದರು. ಆಮೇಲೆ ಕೇಳಿದರು.

"ಏಮಂತನ್ನ ಮದ್ವೆ ಆಗೋಕೆ ನಿಂಗೆ ಒಪ್ಗೆನಾ ಮಗಾ? ನಿನ್ ಬಾಯಲ್ಲಿ ಬರ್ಲಿ."

ಹುಡುಗಿ ಬಿಕ್ಕಿದಳು. "ನಂಗೆ ಮಾವ ಅಂದ್ರೆ ಮಾವ ಅಷ್ಟೇ ಅಜ್ಜಿ. ಬೇಡ."

ಬಾಗಿಲು ತೆರೆದು ಶಿವನಂಜಮ್ಮ ಆ ಮಾತನ್ನು ಹಾಗೇ ಹೊರಗೆ ಹೇಳಿದರು. ವಾಣಿ, "ನನ್ ಮಗಳ ತಲೆ ಕೆಡಿಸ್ಬುಟ್ಟೆ ಕಣವ್ವ," ಎಂದು ಎದೆ ಬಡಿದುಕೊಂಡು ಮಗಳನ್ನು ಎಳೆದುಕೊಂಡು ಹೊರಟೇಹೋದಳು. ಅವಳು ತವರಿನ ಕಡೆ ತಲೆ ಹಾಕದೆ ವರ್ಷವಾಗುತ್ತಾ ಬಂತು. ಹೇಮಂತ್ ಅಂಗಳದಲ್ಲಿ ಬೈಕು ಒರೆಸುತ್ತಿದ್ದವನು ತಲೆ ಎತ್ತಲಿಲ್ಲ.

ರಾಮಯ್ಯ ಹೆಂಡತಿಯ ಕಡೆ ತಿರುಗಿದರು. "ಅವಳ್ನ ಕೇಳೋದೇನೈತೆ? ಯಾವ ಕಾಲಕ್ಕೆ ಯಾರು ಯಾರ್ನ ಕೇಳವ್ರೆ? ನಮ್ಮವ್ವ ನಿನ್ನ ತಂದು ಕಟ್ಟಿದ್ಲಲ್ಲ, ನನ್ನ ಕೇಳುದ್ಲಾ?"

ಕೂಗಿ ಮುಗಿಸಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೇ ಕೇಳಿಸಿತೇನೋ, ಬಾಯಿ ಮುಚ್ಚಿಕೊಂಡರು. ಶಿವನಂಜಮ್ಮ ಅವರನ್ನೇ ನೋಡುತ್ತಿದ್ದರು. ಗಂಡನನ್ನೂ ಯಾರೂ ಕೇಳಿರಲಿಲ್ಲ ಎಂಬ ಯೋಚನೆ ಅಷ್ಟು ವರ್ಷದ ಸಂಸಾರದಲ್ಲಿ ಅವರ ತಲೆಗೆ ಬಂದಿರಲಿಲ್ಲ. ನನ್ನ ತಲೆಗೂ ಬಂದಿರಲಿಲ್ಲ.

"ಕೇಳಿದ್ದಿದ್ರೆ ಏನಂತಿದ್ದೆ ಮಾವ?"

ರಾಮಯ್ಯ ಜಗಲಿಯ ಮೇಲೆ ಕೂತರು. "ಬ್ಯಾಡ ಅಂತಿದ್ದೆ," ಅಂದರು. "ನೀನು ನಾನು ಸೊಂಟದ್ಮ್ಯಾಲೆ ಎತ್ತಾಡ್ಸಿದ ಕೂಸು ಕಣೆ."

"ನಾನೂ ಅದ್ನೇ ಅಂತಿದ್ದೆ," ಎಂದರು ಶಿವನಂಜಮ್ಮ, ಮತ್ತು ಕಂಬಕ್ಕೆ ಒರಗಿ ನೆಲದ ಮೇಲೇ ಕೂತುಬಿಟ್ಟರು.

ಒಳಗಿನಿಂದ ಕಿರಣ್ ನೀರು ಕೇಳಿದ. ಇಬ್ಬರಿಗೂ ಏಳಲಾಗಲಿಲ್ಲ. ನಾನು ಹೋಗಿ ಕುಡಿಸಿದೆ.