ನಾಲ್ಕನೆಯ ಕಲ್ಲು

ಇವತ್ತು ಅಮೆರಿಕದ ನಮ್ಮೂರು ಫ್ರೀಮಾಂಟಿನ ಅಂಗಡಿಯೊಂದರಲ್ಲಿ, ಮೇಜಿನ ಅಲಂಕಾರಕ್ಕೆಂದು ಒಂದರ ಮೇಲೊಂದು ಪೇರಿಸಿದ ನಾಲ್ಕು ಕಲ್ಲುಗಳನ್ನು ಮಾರಾಟಕ್ಕಿಟ್ಟಿದ್ದರು. ನೋಡುತ್ತ ನಿಂತೆ.

ಎಂಬತ್ತರ ದಶಕದಲ್ಲಿ, ನಾನು ಚಿಕ್ಕವಳಿದ್ದಾಗ, ಅಮ್ಮ ಇಲ್ಲಿನ ಆಸ್ಪತ್ರೆಯಿಂದ ಮಗುವಿಲ್ಲದೆ ಮನೆಗೆ ಬಂದಳು. ಯಾರೂ ಅದರ ಮಾತೆತ್ತಲಿಲ್ಲ. ಜಾಗ ಬದಲಾದರೆ ಒಳ್ಳೆಯದೆಂದು ಅಪ್ಪ ನಮ್ಮನ್ನು ಆಸ್ಟ್ರೇಲಿಯಾದಲ್ಲಿದ್ದ ಸೋದರಮಾವನ ಮನೆಗೆ ಕರೆದೊಯ್ದರು. ಮಾವ ಕಡಲತೀರದ ಮರುಭೂಮಿಯ ರಾಷ್ಟ್ರೀಯ ಉದ್ಯಾನ ತೋರಿಸಿದ. ಹಳದಿ ಮರಳಿನ ತುಂಬ ಆಳೆತ್ತರದ ಸುಣ್ಣಕಲ್ಲಿನ ಕಂಬಗಳು, ಮುಟ್ಟಿದರೆ ಒರಟು.

ಅಮ್ಮ ಒಂದು ಕಂಬದ ನೆರಳಲ್ಲಿ ಕೂತು ಚೂರುಕಲ್ಲು ಪೇರಿಸತೊಡಗಿದಳು. ಅವಳ ಮಂಡ್ಯದ ಕಡೆ, ಬೆಟ್ಟ ಹತ್ತಿದವರು ಸ್ವಂತ ಮನೆ ಆಗಲೆಂದು ಹೀಗೆ ಪೇರಿಸುತ್ತಾರೆ.

"ಇಲ್ಲಿ ಮನೆ ಕಟ್ತೀಯೇನಕ್ಕಾ? ಕುಡಿಯೋಕೆ ನೀರೇ ಇಲ್ಲ," ಎಂದು ಮಾವ ನಕ್ಕ.

"ಮನೇಲಿ ಎಷ್ಟು ಜನಾನೋ ಅಷ್ಟು ಕಲ್ಲು ಇಡ್ಬೇಕು ಪುಟ್ಟಿ," ಎಂದು ಅಮ್ಮ ನನಗೆ ಹೇಳಿದಳು. ನಾಲ್ಕನೆಯದು ಗೋಲಿಯಷ್ಟಿತ್ತು.

"ಬಟ್ ನಾವು ಥ್ರೀ ಅಲ್ವಾ?" ಎಂದೆ.

ಅಪ್ಪ ಸಮುದ್ರದ ಕಡೆ ತಿರುಗಿದರು.

ಅಷ್ಟರಲ್ಲಿ ಉದ್ಯಾನದ ಕಾವಲುಗಾರ ಬಂದು, ಇಲ್ಲಿ ಕಲ್ಲು ಕದಲಿಸಬಾರದು, ಇದ್ದಲ್ಲೇ ಇಡಿ ಎಂದ. ಅಮ್ಮ ಮೇಲಿನ ಚಿಕ್ಕ ಕಲ್ಲನ್ನು ಮೊದಲು ತೆಗೆದು ಎಡಗೈಯಲ್ಲಿ ಹಿಡಿದುಕೊಂಡಳು. ಉಳಿದ ಮೂರನ್ನು ಬಲಗೈಯಲ್ಲೇ ಒಂದೊಂದಾಗಿ ಅವುಗಳ ಜಾಗಕ್ಕೆ ಇಟ್ಟು ಬಂದಳು. ಕೊನೆಗೆ ಅದನ್ನೂ ಮರಳ ಮೇಲಿಟ್ಟಳು. ಅಳಲಿಲ್ಲ. ಕಾರಿನಲ್ಲಿ ಎಲ್ಲರಿಗೂ ಚಪಾತಿ ಹಂಚಿದಳು.

ಅಂಗಡಿಯಲ್ಲಿ ಮೇಲಿನ ಚಿಕ್ಕ ಕಲ್ಲನ್ನು ಎತ್ತಲು ನೋಡಿದೆ. ನಾಲ್ಕೂ ಒಟ್ಟಿಗೆ ಎದ್ದವು. ಅಂಟಿಸಿದ್ದರು.