ಪೂರ್ತಿ ಭೂಲ್ ಬೇಡ ಎಂದ ಅಪ್ಪ

ಕೂತರೆ ಜೀವ ಹಿಂಡುತ್ತಿದ್ದ ಮೂಲವ್ಯಾಧಿಯ ಆಪರೇಷನ್‌ಗೆ ಎರಡು ದಿನ ಮೊದಲು ಡಾಕ್ಟರು ನನ್ನನ್ನು ‘ಭೂಲ್ ತಜ್ಞ’ರ ಹತ್ತಿರ ಕಳಿಸಿದರು.

ಬಾಗಿಲ ಮೇಲಿನ ಬೋರ್ಡು ಓದಿ ಹೆಂಡತಿ ಶಾಂತಾ ಅಲ್ಲೇ ನಿಂತಳು. "ಏನ್ರಿ, ಹಿಂದ್ಯಾಗ ಭೂಲ್ ಅಂದ್ರ ತಪ್ಪಲ್ಲೇನ್ರಿ? ತಪ್ಪು ಮಾಡೂದ್ರಾಗ ತಜ್ಞರಂತ! ನಡೀರಿ ಮನಿಗೆ."

ನಕ್ಕೆ. ಮರಾಠಿಯಲ್ಲಿ ಭೂಲ್ ಅಂದರೆ ಅರಿವಳಿಕೆ. ಸಂಭಾಜಿನಗರದಲ್ಲಿ ಇಪ್ಪತ್ತು ವರ್ಷ ಟೈಲ್ಸ್ ಕಾಂಟ್ರಾಕ್ಟ್ ಹಿಡಿದವನಿಗೆ ಅಷ್ಟೂ ಗೊತ್ತಿರಬೇಡವೇ?

ಆದರೆ ನಗು ಅರ್ಧಕ್ಕೇ ನಿಂತಿತು... ಇದೇ ಮಾತಿಗೆ ನಮ್ಮಪ್ಪ ಆಸ್ಪತ್ರೆಯಿಂದ ಎದ್ದು ಬಂದಿದ್ದ.

ಆಗ ನಾವು ನಾಸಿಕ್‌ನಲ್ಲಿದ್ದೆವು. ಇಂಡಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅಪ್ಪನಿಗೂ ಇದೇ ರೋಗ. ಪೂರ್ತಿ ಭೂಲ್ ಕೊಡಬೇಕು ಎಂದರಂತೆ ಅಲ್ಲಿಯ ಡಾಕ್ಟರು. ಅಪ್ಪನ ಕಿವಿಗೆ ಬಿದ್ದದ್ದು ಹಿಂದಿಯ ಭೂಲ್, ಅಂದರೆ ಮರೆವು.

"ನನ್ನ ಹೆಸ್ರು, ಊರು ಎಲ್ಲಾ ಮರಸ್ತಾರಂತ. ಆಮ್ಯಾಲೆ ನಿಮ್ಮನ್ನ ಯಾರು ಗುರ್ತ ಹಿಡೀಬೇಕೋ?"

ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸಾಯುವವರೆಗೂ ನೋವು ನುಂಗಿದ.

ಅರ್ಥ ಗೊತ್ತಿದ್ದೂ ನನ್ನ ಕಾಲು ಆಸ್ಪತ್ರೆಯ ಹೊರಬಾಗಿಲ ಕಡೆಗೇ ಎಳೆಯುತ್ತಿತ್ತು. ರಕ್ತದ ಗುಣ!

ಒಳಗಿದ್ದವರು ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಮೂರು ದಾರಿ ಬಿಡಿಸಿ ಹೇಳಿದರು. ಪೂರ್ತಿ ನಿದ್ದೆ ಒಂದು. ಬೆನ್ನಿಗೆ ಸೂಜಿ ಇನ್ನೊಂದು: ಸೊಂಟದ ಕೆಳಗೆ ಜೋಮು, ಕಾಲಿಗೆ ಶಕ್ತಿ ಬರುವವರೆಗೆ ಕಾಯಬೇಕು, ಮೂತ್ರ ಕಟ್ಟಲೂಬಹುದು. ಇಲ್ಲವೇ ಆ ಜಾಗಕ್ಕಷ್ಟೇ ಸೂಜಿ, ಜೊತೆಗೆ ತುಸು ಮಂಪರು. ಚುಚ್ಚುವಾಗ ಉರಿ, ಆದರೆ ಸಂಜೆಗೆ ಮನೆ.

ಟೈಲ್ಸ್ ಆರಿಸುವವನ ಹಾಗೆ ಮೂರನ್ನೂ ತಿರುಗಿಸಿ ಮುರುಗಿಸಿ ಕೇಳಿದೆ. ನಿಮ್ಮದು ಸಣ್ಣ ಆಪರೇಷನ್, ಮೂರನೆಯದೇ ಸಾಕು ಎಂದರು.

ಕೊನೆಗೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಪೂರ್ತಿ ಭೂಲ್ ಕೊಟ್ಟರೆ ಎದ್ದ ಮೇಲೆ ಹೆಸರು ನೆನಪಿರುತ್ತದೆಯೇ?

"ಅರೇ ಕಾಕಾ, ಬಾಯಕೋಚಂ ಪಣ ನಾವ್ ಆಠವೇಲ್!" ಹೆಂಡತಿಯ ಹೆಸರೂ ನೆನಪಿರುತ್ತದಂತೆ. ಶಾಂತಾ ಮೊದಲ ಸಲ ನಕ್ಕಳು.

ಇಷ್ಟೇ ಮಾತು. ಅಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಮೂರನೆಯದಕ್ಕೇ ಸಹಿ ಹಾಕಿದೆ.

ಆಪರೇಷನ್ ಟೇಬಲ್ ಮೇಲಿನ ಮಂಪರಿನಲ್ಲಿ ಚಿಕ್ಕಂದಿನಲ್ಲಿ ನಾಸಿಕ್‌ನಿಂದ ಘೋಟಿಯ ಸಂತೆಗೆ ಹೋಗುತ್ತಿದ್ದ ಬಸ್ಸು ಬಂತು. ನನಗೆ ಕಿಟಕಿ ಸೀಟು. ಅಪ್ಪ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದಾನೆ, ಯಾವಾಗಿನ ಹಾಗೆ. "ನೀ ಕೂಡಪಾ, ನಂಗ ನಿಂತ್ರನ ಛಲೋ" ಅನ್ನುತ್ತಾನೆ. ನನಗೆ ಸೀಟು ಬಿಟ್ಟು ತಾನು ನಿಲ್ಲುತ್ತಾನೆ, ಎಂಥ ಅಕ್ಕರೆ ಅಪ್ಪನದು ಅಂದುಕೊಂಡೇ ಬೆಳೆದವನು ನಾನು.

ಆ ಬಸ್ಸು ಅರ್ಧ ಖಾಲಿ ಇರುತ್ತಿತ್ತು ಅನ್ನುವುದು ಈಗ ಕಾಣುತ್ತಿದೆ...