ಕುಂತ್ಕಳ್ರಿ ಎಂಬ ಪಾಠ

ಹಿರಿಯೂರು ಬಸ್ ನಿಲ್ದಾಣದಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು ಅದು. ಇವತ್ತು ಬೆಳಿಗ್ಗೆ ಹೊಸದುರ್ಗದ ಬಸ್ಸಿನ ಕಂಡಕ್ಟರ್, ಬಾಗಿಲಲ್ಲೇ ನಿಂತುಬಿಟ್ಟಿದ್ದ ಅಜ್ಜಿಯೊಬ್ಬರಿಗೆ "ಒಳಕ್ ಹೋಗಿ ಕುಂತ್ಕಳ್ರೀ" ಎಂದು ಕೂಗಿದ. ನಾನಿದ್ದದ್ದು ಬಸ್ಸಿನ ಹೊರಗೆ. ಆದರೂ ನನ್ನ ಮಂಡಿಗಳು ತಾವಾಗಿಯೇ ಬಾಗಿದವು. ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದವರು "ತಲೆ ಸುತ್ತು ಬಂತೇನ್ರಿ ಮೇಡಂ?" ಎಂದರು. ಇಲ್ಲ ಎಂದೆ. ಅವರಿಗೆ ಹೇಳಲು ಆಗಲಿಲ್ಲ. ನಿಮಗೆ ಹೇಳಬಹುದು, ನಿಮಗೆ ಬಸ್ಸು ಹಿಡಿಯುವ ಅವಸರವಿಲ್ಲ.

ನಾನು ಇಲ್ಲಿಯ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಹಿಮದ ಬಗ್ಗೆ ವರ್ಷವರ್ಷವೂ ಗಂಟೆಗಟ್ಟಲೆ ಮಾತಾಡಿದ್ದೇನೆ. ಕಂಡ ಹಿಮ ಮಾತ್ರ ಫ್ರಿಜ್ಜಿನ ಮೇಲಿನ ಖಾನೆಯದು. ಒಬ್ಬಳೇ ಇರುವವಳ ಭಾನುವಾರ ಬಹಳ ಉದ್ದ. ಬಟ್ಟೆ ಒಗೆದು ಒಣಹಾಕಿದರೂ ಗಂಟೆ ಇನ್ನೂ ಒಂಬತ್ತೇ ಆಗಿರುತ್ತದೆ. ಅಂಥ ಭಾನುವಾರಗಳಲ್ಲಿ ಫೋನಿನಲ್ಲಿ ಸ್ಕೀ ಓಟ ನೋಡುವ ಚಟ ಹತ್ತಿತು. ಬೆಟ್ಟದ ತುದಿಯಿಂದ ಧುಮುಕುವ ಸ್ಕೀ ಅಲ್ಲ. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು, ಎರಡು ಕೈಯಲ್ಲೂ ಕೋಲು ಊರಿ ತಳ್ಳುತ್ತಾ, ಹಿಮದ ಬಯಲು, ಕಾಡು, ಏರು ಎಲ್ಲವನ್ನೂ ಮೈಲಿಗಟ್ಟಲೆ ದಾಟುವ ಓಟ. ಗೆರೆ ದಾಟಿದ ಕೂಡಲೇ ಓಟಗಾರ್ತಿಯರು ಲಾರಿಯಿಂದ ಇಳಿಸಿದ ಮೂಟೆಗಳ ಹಾಗೆ ಹಿಮದ ಮೇಲೆ ಬೀಳುತ್ತಾರೆ. ನಾನು ಮಂಚದ ಮೇಲೆ ಕಾಲು ಚಾಚಿಕೊಂಡು ಅವರ ಪರವಾಗಿ ಏದುಸಿರು ಬಿಡುತ್ತಿದ್ದೆ.

ಮಂಜುಳಾ ಸಿಕ್ಕಿದ್ದು ಚುನಾವಣೆ ಡ್ಯೂಟಿಯಲ್ಲಿ. ಹೊಳಲ್ಕೆರೆ ಕಡೆಯ ಶಾಲೆಯೊಂದರ ಪಿ.ಟಿ. ಟೀಚರ್. ಊಟದ ಬಿಡುವಿನಲ್ಲಿ ನನ್ನ ಫೋನಿಗೆ ಇಣುಕಿ, "ಅಯ್ಯೋ, ಇದನ್ನ ನೋಡೋರು ಈ ಜಿಲ್ಲೆನಾಗೆ ನಾನೊಬ್ಳೇ ಅನ್ಕಂಡಿದ್ದೆ" ಎಂದಳು. ಆಮೇಲೆ ಪರದೆಯ ಮೂಲೆ ತೋರಿಸಿದಳು. "ನೋಡ್ರಿ, ಗೆದ್ದೋಳು ಇನ್ನೂ ಹೋಗಿಲ್ಲ. ಕಟ್ಟಕಡೇಗೆ ಬರೋಳಿಗೆ ಕಾಯ್ತಾ ಅವ್ಳೆ." ಅಷ್ಟು ಓಟ ನೋಡಿದ್ದರೂ ನಾನದನ್ನು ಗಮನಿಸಿರಲಿಲ್ಲ. ಗೆರೆ ದಾಟಿದವರನ್ನಷ್ಟೇ ನೋಡುತ್ತಿದ್ದೆ.

ಅವಳು ಹಿಂದೆ ಉತ್ತರದ ಬೆಟ್ಟಗಳಲ್ಲಿ ಒಂದು ತಿಂಗಳು ಸ್ಕೀ ಕಲಿತು ಬಂದವಳು. ಅವಳ ಹತ್ತಿರ ಚಕ್ರವಿರುವ ಒಂದು ಜೊತೆ ಸ್ಕೀ ಇತ್ತು. "ಹಿಮ ಇಲ್ದಾಗ ಓಟಗಾರ್ರೂ ಇದ್ರ ಮೇಲೇ ಪ್ರಾಕ್ಟೀಸ್ ಮಾಡೋದು. ಒಂದೇ ತೊಂದ್ರೆ ಐತೆ, ಬ್ರೇಕ್ ಇಲ್ಲ."

ಊರಾಚೆಯ ಗುಡ್ಡಕ್ಕೆ, ಗಾಳಿಯಂತ್ರಗಳ ಕಡೆಗೆ ಏರುವ ರಸ್ತೆ ಭಾನುವಾರ ಖಾಲಿ. ಅಲ್ಲಿ ನನ್ನ ಪಾಠ ಶುರುವಾಯಿತು. ಪಾಠವೆಂದರೆ ಬೀಳುವುದು. "ಹೆದ್ರಿಕೆ ಆದ್ರೆ ನಿಲ್ಲಾಕೆ ಹೋಗ್ಬ್ಯಾಡ್ರಿ, ಪಕ್ಕಕ್ಕೆ ಕುಂತ್ಕಳ್ರಿ" ಎನ್ನುವುದು ಅವಳ ಮೊದಲ ನಿಯಮ. ನಾನು ಆ ಒಂದು ನಿಯಮದಲ್ಲಿ ಪಾಂಡಿತ್ಯ ಗಳಿಸಿದೆ. ರಸ್ತೆ ಬದಿ ಕುರಿ ಮೇಯಿಸುವ ಕರಿಯಪ್ಪಜ್ಜನಿಗೆ ಅದೊಂದು ತಮಾಷೆ. ನಾನು ಕಾಲಿಗೆ ಸ್ಕೀ ಕಟ್ಟುವುದೇ ತಡ, "ಎದ್ದಿದ್ ಸಾಕು, ಕುಂತ್ಕಳ್ರೀ!" ಎಂದು ಕೂಗಿ ನಗುತ್ತಿದ್ದ.

ಆರನೆಯ ವಾರದ ಭಾನುವಾರ ಇಳಿಜಾರಿನಲ್ಲಿ ಹೊರಟವಳು ಮಂಜುಳಾ. ಎದುರುಗಾಳಿಗೆ ತಲೆ ತಗ್ಗಿಸಿದ್ದಳು. ನಾನು ಮೇಲಿದ್ದೆ. ಕೆಳಗೆ ತಿರುವಿನಾಚೆ, ತೆಂಗಿನಕಾಯಿ ತುಂಬಿದ ಲಾರಿಯೊಂದು ದಾರಿ ತಪ್ಪಿ ನಮ್ಮ ರಸ್ತೆಗೆ ನುಗ್ಗಿ ಹಿಂದಕ್ಕೆ ತಿರುಗಿಸಿಕೊಳ್ಳುತ್ತಿತ್ತು. ರಸ್ತೆಗೆ ಅಡ್ಡವಾಗಿ, ಪೂರ್ತಿ ಅಡ್ಡವಾಗಿ. ನನಗೆ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ.

ನಾನು ಕೂಗಿದೆ. ಏನೆಂದು ಕೂಗಿದೆ ಗೊತ್ತೆ? "ಸ್ಟಾಪ್! ಸ್ಟಾಪ್!" ಬ್ರೇಕಿಲ್ಲದವಳಿಗೆ ಸ್ಟಾಪ್. ಆರು ವಾರ ಒಂದೇ ಮಾತನ್ನು ಮೈತುಂಬ ಕಲಿತವಳ ಬಾಯಿಗೆ ಆ ಮಾತು ಬರಲಿಲ್ಲ. ಬಂದದ್ದು ತಿರುವಿನ ಹತ್ತಿರ ಕುರಿ ಬಿಟ್ಟುಕೊಂಡು ನಿಂತಿದ್ದ ಕರಿಯಪ್ಪಜ್ಜನ ಬಾಯಿಗೆ. ಗುಂಪು ಬಿಟ್ಟು ಓಡುವ ಕುರಿಯನ್ನು ಗದರಿಸುವ ಗಂಟಲಲ್ಲಿ ಅವನು ಕೂಗಿದ: "ಲೇ, ಕುಂತ್ಕಳೇ! ಕುಂತ್ಕಳೇ!"

ಅವಳು ಕುಂತಳು. ಜಲ್ಲಿಯ ಮೇಲೆ ಉಜ್ಜಿಕೊಂಡು ಹೋಗಿ, ಲಾರಿಯ ಹಿಂದಿನ ಚಕ್ರಕ್ಕೆ ಒಂದು ಮಾರು ದೂರದಲ್ಲಿ ನಿಂತಳು. ಆ ಒಂದು ಮಾರನ್ನು ನಾನು ಇವತ್ತಿಗೂ ಮಲಗುವ ಮುಂಚೆ ಅಳೆಯುತ್ತೇನೆ. ಒಮ್ಮೊಮ್ಮೆ ಅದು ಗೇಣಾಗುತ್ತದೆ.

ಮಣಿಕಟ್ಟು ಮುರಿದಿತ್ತು, ಸೊಂಟಕ್ಕೆ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ಅವಳ ತಾಯಿ ನನ್ನ ಕೈಗೆ ಕಾಫಿ ಲೋಟ ಕೊಟ್ಟು, "ನೀವು ಕೂಗಿದ್ದಕ್ಕೆ ಉಳ್ಕಂಡ್ಲು ಕಣವ್ವ ನಮ್ ಹುಡುಗಿ" ಎಂದರು. ಮಂಜುಳಾ ಕಣ್ಣು ಮುಚ್ಚಿ ಮಲಗಿದ್ದಳು. ಅಲ್ಲ ಎನ್ನಬೇಕಿತ್ತು. ನಾನು ಕಾಫಿ ಕುಡಿದೆ. ಆಮೇಲೆ ಅವಳ ಫೋನ್ ಬಂದಾಗಲೆಲ್ಲ ಕ್ಲಾಸಿನಲ್ಲಿದ್ದೆ, ಇಲ್ಲದ ಕ್ಲಾಸುಗಳಲ್ಲಿ. ಫೋನ್ ಬರುವುದು ನಿಂತಿತು. ಅವತ್ತು ನಾನು ಎತ್ತಿಕೊಂಡು ಬಂದಿದ್ದ ಅವಳ ಸ್ಕೀ ನನ್ನ ಮಂಚದ ಕೆಳಗೆ ಉಳಿಯಿತು. ಓಟ ನೋಡುವುದನ್ನೂ ಬಿಟ್ಟೆ. ಭಾನುವಾರ ಮತ್ತೆ ಉದ್ದವಾಯಿತು.

ಇವತ್ತು ಮಂಡಿ ಬಾಗಿದ ಮೇಲೆ ನಿಲ್ದಾಣದಲ್ಲೇ ಫೋನ್ ತೆಗೆದೆ. ಅವಳು ಎತ್ತಿದ ಕೂಡಲೇ, ಯೋಗಕ್ಷೇಮವನ್ನೂ ಕೇಳದೆ ಹೇಳಿಬಿಟ್ಟೆ. "ಮಂಜುಳಾ, ಅವತ್ತು 'ಕುಂತ್ಕಳೇ' ಅಂತ ಕೂಗಿದ್ದು ನಾನಲ್ಲ."



"ಗೊತ್ರಿ ಮೇಡಂ. ನೀವು ಸಾಯೋ ಹೊತ್ನಾಗೂ ನನ್ನ 'ರಿ' ಹಚ್ಚದೆ ಮಾತಾಡ್ಸೋರಲ್ಲ. ಅವ್ವ ಸುಮ್ನೆ ಹಂಗನ್ಕಂಡ್ಲು."

"ಮತ್ತೆ ಯಾಕೆ ಹೇಳಲಿಲ್ಲ ನೀವು?"

"ನೀವೇ ಹೇಳ್ತೀರಿ ಅಂತ ಕಾದೆ."

ಅವಳೇ ಮುಂದುವರಿಸಿದಳು. "ನಾನು ಇನ್ನ ಸ್ಕೀ ಹತ್ತಂಗಿಲ್ಲ ಅಂದಾರೆ ಡಾಕ್ಟ್ರು. ನೀವು ಕಲೀರಿ. ನಾನು ಕೆಳಗೆ ತಿರುವಿನಾಗೆ ನಿಂತಿರ್ತೀನಿ. ಲಾರಿ ಬಂದ್ರೆ ಏನ್ ಕೂಗ್ಬೇಕು ಅಂತ ನನಗ್ ಗೊತ್ತೈತೆ."

ಫೋನ್ ಇಡುವ ಹೊತ್ತಿಗೆ ನನ್ನ ಬಸ್ಸು ಹೋಗಿಬಿಟ್ಟಿತ್ತು. ಎಳನೀರಿನವರೂ ಇರಲಿಲ್ಲ. ಯಾರೂ ಕೂಗಲಿಲ್ಲ. ಖಾಲಿಯಿದ್ದ ಕಲ್ಲುಬೆಂಚಿನ ಮೇಲೆ ನಾನೇ ಕುಂತೆ.